ಬೈಬಲ್ ದೈವಪ್ರೇರಿತವೇ? – ಗ್ರಂಥಸಂಪಾದನೆಯ ನೆಲೆಯಿಂದ ಒಂದು ವಿಚಾರ

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಗೆ ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದಾಗ ನಡೆದ ಒಂದು ಸಣ್ಣ ಪ್ರಸಂಗ ಈ ಲೇಖನಕ್ಕೆ ಕಾರಣ. ಪ್ರಕ್ಷೇಪವೆಂದರೇನು ಎಂಬುದನ್ನು ವಿವರಿಸಲು ನಾನು ಬೈಬಲ್ಲಿನ ಹೊಸ ಒಡಂಬಡಿಕೆಯಿಂದ ಒಂದು ಉದಾಹರಣೆಯನ್ನು ಎತ್ತಿಕೊಂಡಿದ್ದೆ. ಮಾರ್ಕನ ಸುವಾರ್ತೆಯ ಕಡೆಯ ಹನ್ನೆರಡು ವಚನಗಳು ಕ್ರಿ.ಶ. ನಾಲ್ಕನೆಯ ಶತಮಾನದ ಎರಡು ಪ್ರಮುಖ ಗ್ರೀಕ್ ಪ್ರತಿಗಳಾದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಬರಿದಾದ ಸಮಾಧಿಯನ್ನು ಕಂಡ ಸ್ತ್ರೀಯರ ಭಯದೊಂದಿಗೆ ಅಲ್ಲಿ ಸುವಾರ್ತೆ ನಿಂತುಬಿಡುತ್ತದೆ. ಮುಂದಿನ ಭಾಗ ಆಮೇಲೆ ಸೇರಿದ್ದೆಂಬುದು ಪಾಠಸಂಶೋಧಕರಲ್ಲಿ ಬಹುಮಂದಿಯ ಅಭಿಪ್ರಾಯ.

ಇಷ್ಟು ಹೇಳುತ್ತಿದ್ದಂತೆಯೇ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ನಕ್ಕು, “ಹಾಗಾದರೆ ದೇವರೇ ಬರೆಸಿದ್ದು ಅನ್ನೋದು ಸುಳ್ಳು ಅಂತಾಯ್ತಲ್ಲ ಸರ್?” ಎಂದ. ತರಗತಿಯಲ್ಲಿ ಕ್ರೈಸ್ತಳಾದ ಒಬ್ಬಳೇ ವಿದ್ಯಾರ್ಥಿನಿಯಿದ್ದಳು; ಅವಳು ಟಿಪ್ಪಣಿ ಬರೆಯುವುದನ್ನು ನಿಲ್ಲಿಸಿದಳು. ಪಾಠ ಮುಗಿದ ಮೇಲೆ ನನ್ನ ಬಳಿ ಬಂದು ಎರಡು ಪ್ರಶ್ನೆಗಳನ್ನು ಕೇಳಿದಳು. “ಇದನ್ನು ಕಲಿತ ಮೇಲೂ ಆ ಪುಸ್ತಕವನ್ನು ದೇವರ ವಾಕ್ಯವೆಂದು ಓದಬಹುದೇ ಸರ್?” ಎಂಬುದು ಮೊದಲನೆಯದು. “ಈ ಉದಾಹರಣೆಯನ್ನು ನಮ್ಮ ಪುಸ್ತಕದಿಂದಲೇ ಏಕೆ ಕೊಟ್ಟಿರಿ?” ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ನಾನು ಏನೋ ಒಂದು ಉತ್ತರ ಕೊಟ್ಟೆ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಎರಡನ್ನೂ ಇಲ್ಲಿ ಮತ್ತೆ ಎತ್ತಿಕೊಳ್ಳುತ್ತಿದ್ದೇನೆ.

‘ದೈವಪ್ರೇರಿತ’ ಎಂಬ ಮಾತಿನ ಮೂಲವನ್ನು ಮೊದಲು ನೋಡಬೇಕು. ಈ ವಾದಕ್ಕೆ ಮುಖ್ಯ ಆಧಾರವಾಗಿ ನಿಲ್ಲುವುದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದ ಹದಿನಾರನೆಯ ವಚನ. ಅಲ್ಲಿ ಬರುವ ಗ್ರೀಕ್ ಪದ ‘ಥಿಯೋಪ್ನ್ಯೂಸ್ತೊಸ್’. ದೇವರು ಮತ್ತು ಉಸಿರು ಎಂಬೆರಡು ಅರ್ಥಗಳು ಕೂಡಿ ಆದ ಸಮಾಸವಿದು. ‘ದೇವರು ಉಸಿರೂದಿದ’ ಎಂದು ಇದರ ಅರ್ಥವನ್ನು ಬಿಡಿಸಬಹುದು. ಇಡೀ ಬೈಬಲ್ಲಿನಲ್ಲಿ ಈ ಪದ ಬರುವುದು ಇದೊಂದೇ ಕಡೆ. ಭಾಷೆಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವ್ಯಾಕರಣದ ತೊಡಕೂ ಇದೆ. ಮೂಲವಾಕ್ಯದಲ್ಲಿ ಕ್ರಿಯಾಪದವಿಲ್ಲ. ಆದ್ದರಿಂದ ಈ ಪದವನ್ನು ವಿಧೇಯವೆಂದು ಹಿಡಿದರೆ ‘ಶಾಸ್ತ್ರವೆಲ್ಲವೂ ದೈವಪ್ರೇರಿತ’ ಎಂಬ ಅರ್ಥ ಬರುತ್ತದೆ. ವಿಶೇಷಣವೆಂದು ಹಿಡಿದರೆ ‘ದೈವಪ್ರೇರಿತವಾದ ಶಾಸ್ತ್ರ’ ಎಂದಾಗಿ, ವಾಕ್ಯದ ಒತ್ತು ಅದರ ಉಪಯುಕ್ತತೆಯ ಮೇಲೆ ಬೀಳುತ್ತದೆ. ೧೬೧೧ರ ಇಂಗ್ಲಿಷ್ ಅನುವಾದ ಮೊದಲ ದಾರಿಯನ್ನು ಹಿಡಿಯಿತು; ೧೮೮೧ರ ಪರಿಷ್ಕೃತ ಅನುವಾದವೂ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅನುವಾದವೂ ಎರಡನೆಯ ದಾರಿಯನ್ನು ಹಿಡಿದಿವೆ. ಅಲ್ಲದೆ ಆ ಪತ್ರ ಬರೆದ ಕಾಲಕ್ಕೆ ‘ಶಾಸ್ತ್ರ’ವೆಂದರೆ ಮುಖ್ಯವಾಗಿ ಯೆಹೂದ್ಯರ ಪವಿತ್ರ ಗ್ರಂಥಗಳೇ ಹೊರತು, ಇಂದು ನಾವು ಹೊಸ ಒಡಂಬಡಿಕೆಯೆಂದು ಕರೆಯುವ ಸಂಕಲನ ಆಗಿನ್ನೂ ರೂಪುಗೊಂಡಿರಲಿಲ್ಲ. ಒಂದೇ ಒಂದು ಪದದ ಮೇಲೆ ಎಷ್ಟು ದೊಡ್ಡ ಕಟ್ಟಡ ನಿಂತಿದೆ ಎಂಬುದನ್ನು ಗಮನಿಸಬೇಕು.

ಆ ಕಟ್ಟಡವಾದರೂ ಒಂದೇ ಬಗೆಯದಲ್ಲ. ಲೇಖಕನು ಕೇವಲ ಲೆಕ್ಕಣಿಕೆ, ಬರೆಸಿದವನು ದೇವರು ಎಂಬುದು ಒಂದು ನಿಲುವು. ಪ್ರತಿಯೊಂದು ಪದವೂ ದೋಷರಹಿತ, ಆದರೆ ಆ ದೋಷರಾಹಿತ್ಯ ಸಲ್ಲುವುದು ಲೇಖಕರ ಕೈಯಿಂದ ಹೊರಟ ಮೂಲಪ್ರತಿಗಳಿಗೆ ಎಂಬುದು ಇನ್ನೊಂದು. ೧೯೭೮ರಲ್ಲಿ ಪ್ರಾಟೆಸ್ಟೆಂಟ್ ವಿದ್ವಾಂಸರು ಸಿದ್ಧಪಡಿಸಿದ ಷಿಕಾಗೊ ಘೋಷಣೆ ಇದನ್ನು ಪ್ರತಿಪಾದಿಸುತ್ತದೆ. ಬರೆದ ಮನುಷ್ಯರೂ ನಿಜವಾದ ಗ್ರಂಥಕರ್ತರೇ, ಅವರ ಕಾಲ ದೇಶ ಶೈಲಿಗಳನ್ನು ತಿಳಿದೇ ಗ್ರಂಥವನ್ನು ಅರ್ಥೈಸಬೇಕು ಎಂಬುದು ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ತಳೆದ ನಿಲುವು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಮೀಮಾಂಸಕರ ಅಪೌರುಷೇಯತ್ವದ ಸಮೀಪ ಬಂದಂತೆ ತೋರಿದರೂ ಅದೇ ಅಲ್ಲ. ಮೀಮಾಂಸಕರಿಗೆ ವೇದಕ್ಕೆ ಕರ್ತೃವೇ ಇಲ್ಲ; ಬೈಬಲ್ಲಿಗಾದರೋ ಕರ್ತೃಗಳು ಇದ್ದೇ ಇದ್ದಾರೆ. ಹಾಗಾದರೆ ಆ ಕರ್ತೃಗಳು ತಮ್ಮ ಬರವಣಿಗೆಯ ಬಗ್ಗೆ ಏನು ಹೇಳಿಕೊಂಡಿದ್ದಾರೆ?

ಲೂಕನು ತನ್ನ ಸುವಾರ್ತೆಯ ಆರಂಭದಲ್ಲಿಯೇ, ತನಗಿಂತ ಮೊದಲು ಹಲವರು ಈ ವೃತ್ತಾಂತವನ್ನು ಬರೆದಿದ್ದಾರೆಂದೂ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ತಾನು ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿಯೂ ತಿಳಿಸುತ್ತಾನೆ. ಇದು ಚರಿತ್ರಕಾರನ ಪೀಠಿಕೆ. ಆಕಾಶವಾಣಿಯನ್ನು ಕೇಳಿ ಬರೆದೆನೆಂದು ಅವನೆಲ್ಲಿಯೂ ಹೇಳುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ವಿವಾಹದ ವಿಷಯ ಬಂದಾಗ, ಯಾವುದು ಕರ್ತನ ಆಜ್ಞೆ, ಯಾವುದು ತನ್ನ ಸ್ವಂತ ಅಭಿಪ್ರಾಯ ಎಂಬುದನ್ನು ಎಚ್ಚರದಿಂದ ಬೇರ್ಪಡಿಸುತ್ತಾನೆ. ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಇನ್ನೂ ಸ್ವಾರಸ್ಯದ ಸಂಗತಿಯಿದೆ. ನಿಮ್ಮಲ್ಲಿ ಕ್ರಿಸ್ಪ ಮತ್ತು ಗಾಯ ಇಬ್ಬರನ್ನುಳಿದು ಯಾರಿಗೂ ತಾನು ದೀಕ್ಷಾಸ್ನಾನ ಮಾಡಿಸಲಿಲ್ಲವೆಂದು ಪೌಲ ಹೇಳುತ್ತಾನೆ. ಮರುಕ್ಷಣ ಸ್ತೆಫನನ ಮನೆಯವರ ನೆನಪಾಗಿ ಅವರನ್ನೂ ಸೇರಿಸುತ್ತಾನೆ. ಬೇರೆ ಯಾರಿಗಾದರೂ ಮಾಡಿಸಿದ್ದೆನೋ ನೆನಪಿಲ್ಲವೆಂದು ಕೊನೆಗೆ ಕೈಬಿಡುತ್ತಾನೆ. ಹೇಳಿ ಬರೆಸುತ್ತಿರುವ ಮನುಷ್ಯನೊಬ್ಬನ ಮರೆವು, ಅದರ ತಿದ್ದುಪಡಿಯ ಸಮೇತ, ಎರಡು ಸಾವಿರ ವರ್ಷಗಳಿಂದ ಪವಿತ್ರ ಗ್ರಂಥದಲ್ಲಿ ಉಳಿದುಬಂದಿದೆ. ಯಾವ ಲಿಪಿಕಾರನೂ ಅದನ್ನು ಅಳಿಸಿ ಚೊಕ್ಕಟಗೊಳಿಸುವ ಸಾಹಸಕ್ಕೆ ಹೋಗಲಿಲ್ಲ.

ಹಳೆಯ ಒಡಂಬಡಿಕೆಯ ಯೆರೆಮೀಯನ ಗ್ರಂಥವಂತೂ ತನ್ನ ರಚನೆಯ ಕಥೆಯನ್ನು ತಾನೇ ಹೇಳುತ್ತದೆ. ಪ್ರವಾದಿಯು ಹೇಳುತ್ತಾನೆ, ಬಾರೂಕನು ಸುರುಳಿಯಲ್ಲಿ ಬರೆದುಕೊಳ್ಳುತ್ತಾನೆ. ಅದನ್ನು ಓದುತ್ತಿದ್ದಂತೆ ರಾಜ ಯೆಹೋಯಾಕೀಮನು ಸುರುಳಿಯನ್ನು ತುಂಡುತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕಿಸುತ್ತಾನೆ. ಪ್ರವಾದಿ ಮತ್ತೆ ಹೇಳುತ್ತಾನೆ, ಬಾರೂಕ ಮತ್ತೆ ಬರೆಯುತ್ತಾನೆ. ಎರಡನೆಯ ಸುರುಳಿಗೆ ಇನ್ನೂ ಅನೇಕ ಮಾತುಗಳು ಸೇರಿದವೆಂದು ಗ್ರಂಥವೇ ದಾಖಲಿಸುತ್ತದೆ. ಈ ಸೇರ್ಪಡೆ ಅಲ್ಲಿಗೇ ನಿಂತಂತಿಲ್ಲ. ಯೆರೆಮೀಯನ ಪ್ರಾಚೀನ ಗ್ರೀಕ್ ಅನುವಾದವು ಪರಂಪರಾಗತ ಹೀಬ್ರೂ ಪಾಠಕ್ಕಿಂತ ಸುಮಾರು ಎಂಟನೆಯ ಒಂದು ಭಾಗದಷ್ಟು ಚಿಕ್ಕದು. ಅಧ್ಯಾಯಗಳ ಕ್ರಮವೂ ಬೇರೆ. ಅನುವಾದಕರು ಮೊಟಕುಗೊಳಿಸಿರಬೇಕೆಂದು ಕೆಲವರು ಎಣಿಸಿದ್ದುಂಟು. ಆದರೆ ೧೯೪೭ರಿಂದ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆಯತೊಡಗಿದ ಸುರುಳಿಗಳ ನಡುವೆ, ಆ ಚಿಕ್ಕ ಪಾಠವನ್ನೇ ಹೋಲುವ ಹೀಬ್ರೂ ತುಣುಕುಗಳೂ, ದೊಡ್ಡ ಪಾಠವನ್ನು ಹೋಲುವ ತುಣುಕುಗಳೂ ಸಿಕ್ಕಿದವು. ಅಂದರೆ ಎರಡು ಪಾಠಗಳೂ ಒಂದೇ ಸಮುದಾಯದ ಕೈಯಲ್ಲಿ ಏಕಕಾಲದಲ್ಲಿ ಇದ್ದವು. ಇವೆರಡರಲ್ಲಿ ‘ಮೂಲಪ್ರತಿ’ ಯಾವುದು? ಸುಟ್ಟುಹೋದ ಮೊದಲ ಸುರುಳಿಯೇ? ಬೆಳೆದ ಎರಡನೆಯದೇ? ದೋಷರಾಹಿತ್ಯವನ್ನು ಮೂಲಪ್ರತಿಗೆ ಮಾತ್ರ ಸಲ್ಲಿಸುವ ವಾದ ಇಲ್ಲಿ ಕಾಲೂರಲು ನೆಲ ಸಿಗದೆ ತಡವರಿಸುತ್ತದೆ.

ಮುದ್ರಣದ ಕಾಲಕ್ಕೆ ಬಂದರೂ ಮನುಷ್ಯರ ಕೈ ಮರೆಯಾಗುವುದಿಲ್ಲ. ೧೫೧೬ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅವನಿಗೆ ದೊರೆತ ಪ್ರಕಟನೆ ಗ್ರಂಥದ ಪ್ರತಿಯಲ್ಲಿ ಕಡೆಯ ಹಾಳೆ ಕಳೆದುಹೋಗಿತ್ತು. ಆ ವಚನಗಳನ್ನು ಅವನು ಲ್ಯಾಟಿನ್ನಿನಿಂದ ಗ್ರೀಕಿಗೆ ತಾನೇ ತಿರುಗಿಸಿ ಸೇರಿಸಿದ. ಯೋಹಾನನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ತ್ರಿಯೇಕತ್ವವನ್ನು ಸ್ಪಷ್ಟವಾಗಿ ಹೇಳುವ ಮಾತುಗಳು ತಾನು ಕಂಡ ಗ್ರೀಕ್ ಪ್ರತಿಗಳಲ್ಲಿ ಇಲ್ಲದ ಕಾರಣ ೧೫೧೬ ಮತ್ತು ೧೫೧೯ರ ಆವೃತ್ತಿಗಳಲ್ಲಿ ಬಿಟ್ಟ. ಆಕ್ಷೇಪಗಳು ಹೆಚ್ಚಿದ ಮೇಲೆ ೧೫೨೨ರ ಆವೃತ್ತಿಯಲ್ಲಿ ಸೇರಿಸಿದ. ಅಲ್ಲಿಂದ ಅವು ೧೬೧೧ರ ಇಂಗ್ಲಿಷ್ ಅನುವಾದಕ್ಕೂ ಇಳಿದುಬಂದವು. ೧೮೮೧ರ ಪರಿಷ್ಕರಣದಲ್ಲಿ ಮತ್ತೆ ಹೊರಬಿದ್ದವು. ಗ್ರಂಥಗಳ ಸಂಖ್ಯೆಯಲ್ಲಿಯೂ ಒಮ್ಮತವಿಲ್ಲ. ಇಂದಿನ ಹೊಸ ಒಡಂಬಡಿಕೆಯ ೨೭ ಗ್ರಂಥಗಳ ಪಟ್ಟಿ ನಮಗೆ ಮೊದಲು ದೊರೆಯುವುದು ೩೬೭ರಲ್ಲಿ ಅಥನಾಸಿಯಸ್ ಬರೆದ ಪತ್ರದಲ್ಲಿ. ಪ್ರಾಟೆಸ್ಟೆಂಟರ ಬೈಬಲ್ಲಿನಲ್ಲಿ ಒಟ್ಟು ೬೬ ಗ್ರಂಥಗಳು, ಕ್ಯಾಥೊಲಿಕರ ಬೈಬಲ್ಲಿನಲ್ಲಿ ೭೩. ಪ್ರೇರಣೆ ಎಲ್ಲಿಗೆ ಮುಗಿಯಿತೆಂಬ ಗೆರೆಯನ್ನು ಎಳೆದವರೂ ಮನುಷ್ಯರೇ.

ಇಷ್ಟನ್ನು ಓದಿದವರು ಹಿಂದಿನ ಬೆಂಚಿನ ವಿದ್ಯಾರ್ಥಿಯ ತೀರ್ಮಾನಕ್ಕೇ ಬರಬಹುದು. ಆದರೆ ಈ ಸಂಗತಿಗಳನ್ನೆಲ್ಲ ಮೊದಲು ಹೊರತೆಗೆದವರು ಯಾರು ಎಂಬುದನ್ನೂ ನೋಡಬೇಕು. ೧೭೦೭ರಲ್ಲಿ ಆಕ್ಸ್‌ಫರ್ಡಿನ ಜಾನ್ ಮಿಲ್ ಹೊಸ ಒಡಂಬಡಿಕೆಗೆ ಸುಮಾರು ೩೦,೦೦೦ ಪಾಠಾಂತರಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ಭಕ್ತವಲಯ ಕಳವಳಗೊಂಡಿತು. ಜರ್ಮನಿಯ ವ್ಯುರ್ಟೆಂಬರ್ಗಿನ ಯೊಹಾನ್ ಆಲ್ಬ್ರೆಶ್ಟ್ ಬೆಂಗೆಲ್ ಆ ಕಳವಳವನ್ನು ಒಳಗಿನಿಂದ ಅನುಭವಿಸಿದವನು. ಅವನು ಗಾಢ ಶ್ರದ್ಧಾಳು. ದೇವರ ವಾಕ್ಯವೆಂದು ತಾನು ನಂಬಿದ ಗ್ರಂಥದಲ್ಲಿ ಇಷ್ಟೊಂದು ಪಾಠಭೇದಗಳೇಕೆ ಎಂಬ ಸಂಕಟ ವಿದ್ಯಾರ್ಥಿದೆಸೆಯಲ್ಲಿಯೇ ಅವನನ್ನು ಕಾಡಿತು. ಅವನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಪ್ರತಿಗಳನ್ನು ಹುಡುಕಿದ, ಹೋಲಿಸಿದ, ಗುಂಪುಗಳಾಗಿ ವಿಂಗಡಿಸಿದ. ೧೭೩೪ರಲ್ಲಿ ತನ್ನ ಸಂಪಾದಿತ ಪಾಠವನ್ನು ಪ್ರಕಟಿಸಿದ. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದನ್ನೇ ಆರಿಸಬೇಕು, ಏಕೆಂದರೆ ಲಿಪಿಕಾರರು ಕಷ್ಟವಾದುದನ್ನು ಸುಲಭಗೊಳಿಸುತ್ತಾರೆಯೇ ಹೊರತು ಸುಲಭವಾದುದನ್ನು ಕಷ್ಟಗೊಳಿಸುವುದು ವಿರಳ ಎಂಬ ಸೂತ್ರವನ್ನು ಖಚಿತವಾಗಿ ರೂಪಿಸಿದವನು ಅವನೇ. ಪಂಪ ರನ್ನರ ಪಾಠಗಳನ್ನು ಚರ್ಚಿಸುವಾಗ ನಾವು ಇಂದಿಗೂ ಪ್ರಯೋಗಿಸುವ ಸೂತ್ರವಿದು.

ಬೆಂಗೆಲ್ಲನ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಪ್ರಕಟನೆ ಗ್ರಂಥದ ಸಂಖ್ಯೆಗಳನ್ನು ಲೆಕ್ಕಹಾಕಿ, ೧೮೩೬ರಲ್ಲಿ ಲೋಕದ ಚರಿತ್ರೆಯೇ ಮಗ್ಗುಲು ಬದಲಿಸುವುದೆಂದು ಅವನು ನಿರ್ಧರಿಸಿದ್ದ. ೧೮೩೬ ಬಂದು ಹೋಯಿತು. ವ್ಯುರ್ಟೆಂಬರ್ಗಿನವನೇ ಆದ ಹೆರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದದ್ದು ಆ ವರ್ಷದ ಕೊನೆಯಲ್ಲಿ. ಲೋಕವೇನೋ ಎಂದಿನಂತೆಯೇ ನಡೆಯಿತು. ದೇವರ ಕಾಲಗಣನೆ ತನಗೆ ತಿಳಿಯಿತೆಂದು ಬೆಂಗೆಲ್ ಹೇಳಿದ ಮಾತು ಬಿದ್ದುಹೋಯಿತು. ಪ್ರತಿಗಳನ್ನು ಹೀಗೆ ಹೋಲಿಸಬೇಕೆಂದು ಅವನು ಹೇಳಿದ ಮಾತು ಉಳಿಯಿತು. ಎರಡಕ್ಕೂ ಅವನಲ್ಲಿ ಇದ್ದ ಶ್ರದ್ಧೆ ಒಂದೇ.

ಹಾಗಾದರೆ ಬೈಬಲ್ ದೈವಪ್ರೇರಿತವೇ? ನನ್ನ ಅಭಿಪ್ರಾಯವನ್ನು ಎರಡು ಭಾಗಗಳಾಗಿ ಹೇಳಬೇಕು. ದೇವರು ಅಕ್ಷರಶಃ ಬರೆಸಿದ, ಮನುಷ್ಯನ ಮರೆವು ಮಾರ್ಪಾಡುಗಳು ಸೋಕದ ಪಾಠ ಎಂಬ ಅರ್ಥದಲ್ಲಿ ಅದು ದೈವಪ್ರೇರಿತವಲ್ಲ. ಹೊರಗಿನ ಯಾವ ವಿಮರ್ಶಕನ ಸಾಕ್ಷ್ಯವೂ ಇದಕ್ಕೆ ಬೇಕಿಲ್ಲ; ಲೂಕ, ಪೌಲ, ಬಾರೂಕರ ಸಾಕ್ಷ್ಯವೇ ಸಾಕು. ಆದರೆ ಮರೆವುಳ್ಳ ಮನುಷ್ಯರ ಮೂಲಕವೇ ದೇವರು ಮಾತಾಡಿದನೆಂದು ಒಂದು ಸಮುದಾಯ ನಂಬಿದರೆ, ಆ ನಂಬಿಕೆಯನ್ನು ಸ್ಥಾಪಿಸುವ ಅಥವಾ ಖಂಡಿಸುವ ಸಾಧನ ಗ್ರಂಥಸಂಪಾದಕನ ಬಳಿ ಇಲ್ಲ. ಪಾಠಾಂತರಗಳ ಪಟ್ಟಿಯ ಕೊನೆಯಲ್ಲಿ ‘ಆದ್ದರಿಂದ ದೇವರಿಲ್ಲ’ ಎಂದು ಬರೆಯುವವನೂ ‘ಆದ್ದರಿಂದ ದೇವರಿದ್ದಾನೆ’ ಎಂದು ಬರೆಯುವವನೂ ತಮ್ಮ ಶಾಸ್ತ್ರದ ಎಲ್ಲೆಯನ್ನು ದಾಟಿದವರೇ.

ಪ್ರೇರಣೆಯನ್ನು ಸಾಧಿಸಲು ಸಾಮಾನ್ಯವಾಗಿ ಮುಂದಿಡುವ ವಾದಗಳು ನನಗೆ ದುರ್ಬಲವೆನಿಸುತ್ತವೆ. ಭವಿಷ್ಯವಾಣಿಗಳು ನಿಜವಾದವೆಂಬುದು ಅವುಗಳಲ್ಲೊಂದು. ದಾನಿಯೇಲನ ಗ್ರಂಥವು ತಾನು ‘ಮುನ್ನುಡಿಯುವ’ ಘಟನೆಗಳ ಕಾಲದಲ್ಲಿಯೇ, ಕ್ರಿ.ಪೂ. ಎರಡನೆಯ ಶತಮಾನದಲ್ಲಿ, ರಚಿತವಾಯಿತೆಂದು ಕ್ರಿ.ಶ. ಮೂರನೆಯ ಶತಮಾನದಷ್ಟು ಹಿಂದೆಯೇ ಪೊರ್ಫಿರಿ ವಾದಿಸಿದ್ದ; ಇಂದಿನ ಬಹುತೇಕ ವಿದ್ವಾಂಸರು ಕಾಲನಿರ್ಣಯದ ಮಟ್ಟಿಗೆ ಅವನನ್ನು ಒಪ್ಪುತ್ತಾರೆ. ಪವಾಡಗಳ ಆಧಾರವೂ ಇಂಥದೇ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯನ್ನು ಆರಂಭಿಸುವುದೇ, ದೇವತೆಗಳ ಆಗಮನ, ಗಗನಸಂಚಾರ ಮೊದಲಾದ ವೈಭವಗಳನ್ನು ಮಹತ್ತ್ವದ ಪ್ರಮಾಣವೆಂದು ಒಪ್ಪದೆ, ಅವು ಮಾಯಾವಿಗಳಲ್ಲಿಯೂ ಕಾಣುವಂಥವು ಎಂಬುದು ಅವರು ಕೊಡುವ ಕಾರಣ. ಅವರು ಈ ಮಾತನ್ನು ಹೇಳುವುದು ತಮ್ಮ ಆರಾಧ್ಯನನ್ನೇ ಎದುರಿಗೆ ನಿಲ್ಲಿಸಿಕೊಂಡು. ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಲ್ಲದ ವಚನವೇ ಆಪ್ತನ ಲಕ್ಷಣವೆಂದು ಅವರು ಮುಂದೆ ನಿರೂಪಿಸುತ್ತಾರೆ. ಪರೀಕ್ಷೆಗೆ ಒಡ್ಡಿದ ಮಾತ್ರಕ್ಕೆ ಶ್ರದ್ಧೆ ಅಳಿಯುವುದಿಲ್ಲ ಎಂಬ ಧೈರ್ಯ ಆ ಕೃತಿಯ ಬೆನ್ನೆಲುಬು.

ಪ್ರೇರಣೆಯನ್ನು ಅಲ್ಲಗಳೆಯುವವರ ವಾದವೂ ಹಲವೊಮ್ಮೆ ಇಷ್ಟೇ ದುರ್ಬಲ. ಯೋಸೇಫನ ತಂದೆಯ ಹೆಸರು ಮತ್ತಾಯನಲ್ಲಿ ಒಂದು, ಲೂಕನಲ್ಲಿ ಇನ್ನೊಂದು. ಆದ್ದರಿಂದ ಎಲ್ಲವೂ ಕಟ್ಟುಕಥೆ ಎನ್ನುತ್ತಾರೆ. ಈ ಭೇದವನ್ನು ಕಂಡುಹಿಡಿದವರು ಆಧುನಿಕರಲ್ಲ. ಮೂರನೆಯ ಶತಮಾನದ ಕ್ರೈಸ್ತ ಲೇಖಕರೇ ಇದನ್ನು ಚರ್ಚಿಸಿದ್ದಾರೆ. ಎರಡನೆಯ ಶತಮಾನದಲ್ಲಿ ತಾತಿಯಾನನು ನಾಲ್ಕು ಸುವಾರ್ತೆಗಳನ್ನು ಹೆಣೆದು ಒಂದೇ ಕಥನವನ್ನಾಗಿ ಮಾಡಿದ್ದ. ಸಿರಿಯಾಕ್ ಸಭೆಗಳಲ್ಲಿ ಬಹುಕಾಲ ಅದೇ ಬಳಕೆಯಲ್ಲಿತ್ತು. ಕಡೆಗೆ ಉಳಿದದ್ದು ಆ ಹೆಣೆದ ಪಾಠವಲ್ಲ, ಪರಸ್ಪರ ಭಿನ್ನವಾದ ನಾಲ್ಕು ಸುವಾರ್ತೆಗಳು. ಭೇದಗಳನ್ನು ಅಳಿಸಿಹಾಕುವ ಸಾಧನ ಕೈಯಲ್ಲಿದ್ದೂ ಅಳಿಸದೆ ಉಳಿಸಿಕೊಂಡ ಸಮುದಾಯಕ್ಕೆ, ಅವನ್ನು ತೋರಿಸಿ ‘ನೋಡಿ, ಸಿಕ್ಕಿಬಿದ್ದಿರಿ’ ಎನ್ನುವುದು ಪಾಂಡಿತ್ಯವಲ್ಲ. ನಕ್ಕ ವಿದ್ಯಾರ್ಥಿಗೆ ಅಂದೇ ನಾನು ಈ ಮಾತನ್ನು ಹೇಳಬೇಕಿತ್ತು.

ಇನ್ನು ಆ ಹುಡುಗಿಯ ಎರಡನೆಯ ಪ್ರಶ್ನೆ. ಬೈಬಲ್ಲಿನ ಪಾಠವಿಮರ್ಶೆ ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ವ್ಯವಸ್ಥಿತವಾಗಿ ನಡೆದು ಸಾಮಗ್ರಿ ಸುಲಭವಾಗಿ ದೊರೆಯುತ್ತದೆ ಎಂಬುದು ನಾನು ನನಗೆ ಹೇಳಿಕೊಂಡ ಕಾರಣ. ಅದು ನಿಜ, ಆದರೆ ಪೂರ್ಣ ನಿಜವಲ್ಲ. ತರಗತಿಯಲ್ಲಿ ಒಬ್ಬಳೇ ಇದ್ದವಳ ಗ್ರಂಥವನ್ನು ಆರಿಸಿಕೊಂಡರೆ ಆಕ್ಷೇಪಿಸುವವರು ಕಡಿಮೆ ಎಂಬ ಅನುಕೂಲವೂ ನನ್ನ ಆಯ್ಕೆಯ ಹಿಂದೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಉದಾಹರಣೆ ನನ್ನ ಮನೆಯಲ್ಲಿಯೇ ಇತ್ತು.

ದಿಗಂಬರ ಪರಂಪರೆಯ ಪ್ರಕಾರ ದ್ವಾದಶಾಂಗಗಳ ಬಹುಭಾಗ ನಷ್ಟವಾಗಿ, ಧರಸೇನಾಚಾರ್ಯರಲ್ಲಿ ಉಳಿದಿದ್ದ ಅಂಶವನ್ನು ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದರು. ವೀರಸೇನರ ಧವಲಾ ಟೀಕೆಯೊಡನೆ ಅದು ಉಳಿದುಬಂದದ್ದು ಮೂಡಬಿದಿರೆಯ ತಾಡೋಲೆಗಳಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ೧೯೩೯ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಮುದ್ರಣಗೊಳ್ಳತೊಡಗಿದಾಗ, ಮೊದಲ ಖಂಡದ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೋ ಬೇಡವೋ ಎಂಬ ವಿವಾದ ಎದ್ದಿತು. ಆ ಸೂತ್ರ ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಕುರಿತದ್ದು. ಪದವಿದ್ದರೆ ಪೂರ್ಣಸಂಯಮದ ಪ್ರಸ್ತಾಪ ಬಂದು, ಸ್ತ್ರೀಮುಕ್ತಿಯ ಹಳೆಯ ಚರ್ಚೆಯೇ ಮತ್ತೆ ತೆರೆದುಕೊಳ್ಳುತ್ತದೆ. ಬಳಸಿದ ನಕಲುಗಳಲ್ಲಿ ಪದವಿರಲಿಲ್ಲ. ಅರ್ಥಸಂಗತಿಗೆ ಅದು ಅಗತ್ಯವೆಂದು ಸಂಪಾದಕರು ಊಹಿಸಿದ್ದರು. ಮೂಡಬಿದಿರೆಯ ತಾಡೋಲೆಗಳನ್ನು ನೋಡಿದಾಗ ಅದು ಅಲ್ಲಿತ್ತು. ಆದರೂ ವಾದ ಮುಗಿಯಲಿಲ್ಲ. ಇದ್ದರೂ ಅದು ಭಾವಸ್ತ್ರೀಯನ್ನು ಕುರಿತದ್ದೆಂದು ವ್ಯಾಖ್ಯಾನಿಸಿದವರುಂಟು, ಪದವೇ ಬೇಡವೆಂದವರೂ ಉಂಟು. ಸಿದ್ಧಾಂತದ ಆ ಚರ್ಚೆಯಲ್ಲಿ ಪಕ್ಷ ವಹಿಸುವುದು ಇಲ್ಲಿ ನನ್ನ ಉದ್ದೇಶವಲ್ಲ. ಪಾಠವನ್ನು ನಿರ್ಣಯಿಸಬೇಕಾದುದು ಓಲೆ. ನಮಗೆ ಯಾವ ನಿರ್ಣಯ ಬೇಕು ಎಂಬ ಇಚ್ಛೆಯಲ್ಲ. ಎರಾಸ್ಮಸ್ ತನ್ನ ಮೂರನೆಯ ಆವೃತ್ತಿಯಲ್ಲಿ ಸೋತದ್ದು ಈ ಜಾಗದಲ್ಲಿಯೇ.

ನಮಗೆ ಈ ವಿದ್ಯೆಯನ್ನು ಕಲಿಸಿದವರಲ್ಲಿ ಪಾದ್ರಿಗಳೂ ಇದ್ದರು ಎಂಬುದನ್ನು ಕನ್ನಡದ ಸಂಶೋಧಕರು ಮರೆಯುವಂತಿಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ೧೮೭೨ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ್ದು ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು, ಅದೂ ಹಲವು ಪ್ರತಿಗಳನ್ನು ಹೋಲಿಸಿ. ಅನ್ಯಮತದವನ ಗ್ರಂಥವೆಂದು ಅವನು ಅದರಲ್ಲಿ ಉದಾಸೀನ ತೋರಲಿಲ್ಲ. ಆ ಎಚ್ಚರವನ್ನು ನಾವು ಅವನ ಗ್ರಂಥಕ್ಕೂ, ಅದಕ್ಕಿಂತ ಮೊದಲು ನಮ್ಮ ಗ್ರಂಥಕ್ಕೂ ತೋರಬೇಕಾದುದು ನ್ಯಾಯ. ಪರರ ಆಗಮದಲ್ಲಿ ಪ್ರಕ್ಷೇಪವನ್ನು ಎಣಿಸುತ್ತ, ಸ್ವಂತ ಆಗಮದ ಒಂದು ಪದದ ಬಳಿಗೆ ಬಂದೊಡನೆ ದೀಪ ಆರಿಸುವವನಿಗೆ ‘ಬೈಬಲ್ ದೈವಪ್ರೇರಿತವೇ’ ಎಂದು ಕೇಳುವ ಅಧಿಕಾರವಿಲ್ಲ.

ಆ ವಿದ್ಯಾರ್ಥಿನಿ ಮುಂದೆ ಪಾಠಾಂತರಗಳ ಪ್ರಶ್ನೆಗೆ ಒಳ್ಳೆಯ ಉತ್ತರ ಬರೆದು ತೇರ್ಗಡೆಯಾದಳು. ಅಂದಿನಿಂದ ನಾನು ಪ್ರಕ್ಷೇಪದ ಪಾಠಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲು ೯೩ನೆಯ ಸೂತ್ರ, ಅನಂತರ ಮಾರ್ಕನ ಕಡೆಯ ಹನ್ನೆರಡು ವಚನಗಳು.